ಮದುವಣಗಿತ್ತಿಯ ಭೂತಬಂಗಲೆ

ಪ್ಯಾರಿಸ್ ನಗರದ ನಡುವಿನಿಂದ ಪೂರ್ವಕ್ಕೆ ಹೊರಡುವ ರೈಲು ಸುಮಾರು ನಲವತ್ತು ನಿಮಿಷಗಳಲ್ಲಿ ಮಾರ್ನ್-ಲಾ-ವಾಲೆ ನಿಲ್ದಾಣವನ್ನು ಸೇರಿ, ಅಲ್ಲಿಗೇ ತನ್ನ ಓಟವನ್ನು ಮುಗಿಸುತ್ತದೆ. ನಿಲ್ದಾಣದಿಂದ ಹೊರಬಂದರೆ ಎದುರಿಗೇ ಡಿಸ್ನಿಲ್ಯಾಂಡ್. 1992ರ ಏಪ್ರಿಲ್ 12ರಂದು ತೆರೆದ ಈ ವಿನೋದನಗರಿಗೆ ಮಕ್ಕಳ ಕೈ ಹಿಡಿದು ಬರುವ ತಾಯಿತಂದೆಗಳೇ ಹೆಚ್ಚು. ಆದರೆ ಫೆಬ್ರವರಿ 14 ಪ್ರಣಯಿಗಳ ಹಬ್ಬ. ಸಂತ ವ್ಯಾಲೆಂಟೈನನ ಹೆಸರಿನ ದಿನ. ಅಂದು ಒಬ್ಬರ ಕೈಯನ್ನೊಬ್ಬರು ಹಿಡಿದು ಬರುವ ಜೋಡಿಗಳಿಗೂ ಇಲ್ಲಿ ಕೊರತೆಯಿಲ್ಲ. ಅವರ ಕಣ್ಣು ತಣಿಸಲು ಗುಲಾಬಿ ಬಣ್ಣದ ಅರಮನೆಯಿದೆ, ದೀಪಗಳ ಸಾಲಿದೆ. ಅದನ್ನೆಲ್ಲ ಬಿಟ್ಟು ಎಡಕ್ಕೆ ತಿರುಗಿ, ನೀರಿನ ದಂಡೆಯ ದಿಬ್ಬದ ಮೇಲೆ ಒಂಟಿಯಾಗಿ ನಿಂತ ಒಂದು ಪಾಳುಬಂಗಲೆಯ ಮುಂದೆ ಚಳಿಯಲ್ಲಿ ಸಾಲುಗಟ್ಟಿ ನಿಲ್ಲುವವರೂ ಇದ್ದಾರೆ. ಆ ಬಂಗಲೆಯ ಹೆಸರು ‘ಫ್ಯಾಂಟಮ್ ಮ್ಯಾನರ್’.

ಪಾಳು ಎಂದರೆ ನಿಜವಾದ ಪಾಳಲ್ಲ. ಬಲು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದ ಪಾಳು. ಬಣ್ಣ ಹೋದ ಹಲಗೆಗಳಿಗೆ ಬಣ್ಣ ಹೋದಂತೆಯೇ ಕಾಣುವ ಬಣ್ಣವನ್ನು ಬಳಿಯಬೇಕು! ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಬ್ಬಳು ಅಕ್ಕನಿದ್ದಾಳೆ. 1969ರಲ್ಲಿ ತೆರೆದ ಆ ಮನೆಯ ಹೊರಮೈ ಮಾತ್ರ ಇಂದಿಗೂ ಅಚ್ಚುಕಟ್ಟು. ತಮ್ಮ ಉದ್ಯಾನದಲ್ಲಿ ಹಾಳು ಸುರಿಯುವ ಮನೆ ಕಾಣಬಾರದೆಂಬುದು ವಾಲ್ಟ್ ಡಿಸ್ನಿಯವರ ಹಟವಾಗಿತ್ತು. ಫ್ರಾನ್ಸಿನಲ್ಲಿ ಆ ಹಟ ಸಡಿಲಿತು. ಸಡಿಲಿದ್ದೇ ಒಳ್ಳೆಯದಾಯಿತು.

ಮನೆಗೊಂದು ಕಥೆಯಿದೆ. ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಚಿನ್ನದ ಗಣಿಯಿಂದ ಸಿರಿವಂತನಾದ ಹೆನ್ರಿ ರೇವನ್ಸ್‌ವುಡ್ ಎಂಬಾತನಿಗೆ ಮೆಲನಿ ಎಂಬ ಮಗಳು. 1992ರ ಕಥೆಯಲ್ಲಿ ಅವಳಿಗೆ ವರನೊಬ್ಬನೇ. ಮದುವೆಯ ದಿನವೇ ಅವನು ಮನೆಯ ತೊಲೆಗೆ ನೇಣಾಗಿ ತೂಗಿದ. ಕೆಳಗೆ ನೆಂಟರು ನೆರೆದಿದ್ದರು, ಊಟ ಅಣಿಯಾಗಿತ್ತು, ಹುಡುಗಿ ಕಾದಳು. ಮದುವೆಯ ಉಡುಗೆಯನ್ನು ಕಳಚದೆ, ಹಾಡಿಕೊಳ್ಳುತ್ತ, ಕೋಣೆಯಿಂದ ಕೋಣೆಗೆ ಅಲೆಯುತ್ತ ವರುಷವರುಷಗಳ ಕಾಲ ಕಾದಳು. 2019ರ ಮೇ ತಿಂಗಳಲ್ಲಿ ಮನೆ ದುರಸ್ತಿಯಾಗಿ ಮತ್ತೆ ತೆರೆದಾಗ ವರರ ಸಂಖ್ಯೆ ನಾಲ್ಕಕ್ಕೆ ಏರಿತ್ತು. ಅವರನ್ನು ಕೊಂದ ಪಿಶಾಚಿ ಹೆತ್ತ ತಂದೆಯೇ ಎಂಬ ಗುಟ್ಟೂ ಹೊರಬಿದ್ದಿತ್ತು. ಸಂಖ್ಯೆ ಹೆಚ್ಚಿದುದರಿಂದ ಕಥೆಯ ಕಾರುಣ್ಯವೂ ಹೆಚ್ಚಿತೆಂದು ಹೇಳಲಾಗದು. ಮೊದಲ ಕೋಣೆಯ ಬಾಗಿಲು ಮುಚ್ಚಿದೊಡನೆ ಗೋಡೆಗಳು ಮೇಲಕ್ಕೆ ಬೆಳೆಯುತ್ತವೆ. ಗೋಡೆಯ ಪಟಗಳೂ ಉದ್ದವಾಗಿ, ಅದುವರೆಗೆ ಮರೆಯಾಗಿದ್ದ ಕೆಳಭಾಗ ಕಾಣಿಸಿಕೊಳ್ಳುತ್ತದೆ. ಒಬ್ಬನಿಗೆ ಕರಡಿ, ಒಬ್ಬನಿಗೆ ಜಲಪಾತ, ಒಬ್ಬನಿಗೆ ಮರ ಕೊಯ್ಯುವ ಗರಗಸ, ಒಬ್ಬನಿಗೆ ಸಿಡಿಮದ್ದು. ನೋಡುವವರು ನಗುತ್ತಾರೆ. ಹಳೆಯ ಕಥೆಯಲ್ಲಿ ನಗೆಗೆ ಇಷ್ಟು ಸುಲಭವಾಗಿ ಎಡೆಯಿರಲಿಲ್ಲ.

ಅಲ್ಲಿಂದ ಮುಂದೆ ಕರಿಯ ಗಾಡಿಗಳು. ಒಂದರ ಹಿಂದೊಂದು ಸರಪಣಿಯಂತೆ ಬರುವ ಇವುಗಳ ಬೆನ್ನು ಎತ್ತರ, ಅಕ್ಕಪಕ್ಕವೆಲ್ಲ ಮರೆ. ಒಳಗೆ ಕುಳಿತವರಿಗೆ ಹಿಂದಿನವರೂ ಕಾಣರು, ಮುಂದಿನವರೂ ಕಾಣರು. ಪ್ರಣಯಿಗಳಿಗೆಂದೇ ಹೇಳಿ ಮಾಡಿಸಿದಂತಿದೆ. ಕೊನೆಯಿಲ್ಲದ ಮೊಗಸಾಲೆ, ಸ್ಫಟಿಕದ ಗೋಳದೊಳಗೆ ಮಾತನಾಡುವ ಹೆಂಗಸಿನ ತಲೆ, ಇವನ್ನೆಲ್ಲ ದಾಟಿದ ಮೇಲೆ ಗಾಡಿಗಳು ಒಂದು ಉಪ್ಪರಿಗೆಗೆ ಬರುತ್ತವೆ. ಕೆಳಗೆ ಮದುವೆಯ ದಿವಾನಖಾನೆ. ಅತಿಥಿಗಳು ಕುಣಿಯುತ್ತಿದ್ದಾರೆ, ಆದರೆ ಅವರ ಮೈಯ ಮೂಲಕ ಹಿಂದಿನ ಗೋಡೆ ಕಾಣುತ್ತದೆ. ಮೆಟ್ಟಿಲ ಮೇಲೆ ವಧು ಒಬ್ಬಳೇ ನಿಂತಿದ್ದಾಳೆ. ಕಿಟಕಿಯಲ್ಲಿ ಪಿಶಾಚಿ ನಗುತ್ತದೆ.

ಈ ನೋಟಕ್ಕೆ ಕಾರಣ ಒಂದು ಗಾಜು. ಪ್ರೇಕ್ಷಕರಿಗೂ ದಿವಾನಖಾನೆಗೂ ನಡುವೆ ಭಾರಿ ಗಾಜಿನ ಹಲಗೆಯಿದೆ. ಕುಣಿಯುವ ಗೊಂಬೆಗಳಿರುವುದು ಪ್ರೇಕ್ಷಕರಿಗೆ ಕಾಣದ ಬೇರೊಂದು ಕತ್ತಲ ಜಾಗದಲ್ಲಿ. ಅವುಗಳ ಮೇಲೆ ಬೆಳಕು ಬಿದ್ದಾಗ ಪ್ರತಿಬಿಂಬ ಗಾಜಿನಲ್ಲಿ ಮೂಡುತ್ತದೆ. ಬೆಳಕು ಆರಿದರೆ ಭೂತವೂ ಆರುತ್ತದೆ. 1862ರ ಕ್ರಿಸ್‌ಮಸ್ ಹಿಂದಿನ ದಿನ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬಾತ, ಡಿಕನ್ಸನ ಭೂತದ ಕಥೆಯೊಂದಕ್ಕಾಗಿ ಈ ಚಮತ್ಕಾರವನ್ನು ರಂಗದ ಮೇಲೆ ತೋರಿಸಿದ. ಮೊದಲು ಯೋಚಿಸಿದವನು ಹೆನ್ರಿ ಡರ್ಕ್ಸ್. ಹೆಸರು ಉಳಿದದ್ದು ಪೆಪ್ಪರನದು. ಪ್ರತಿಬಿಂಬದಲ್ಲಿ ಎಡಬಲ ಅದಲುಬದಲಾಗುವುದರಿಂದ ಕ್ಯಾಲಿಫೋರ್ನಿಯಾದ ಮನೆಯಲ್ಲಿ ಕುಣಿಯುವ ಜೋಡಿಗಳ ಪೈಕಿ ಹೆಂಗಸರೇ ಗಂಡಸರನ್ನು ನಡೆಸುತ್ತಾರೆ. ಸಂಸಾರವಂದಿಗರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದಿರಬಹುದು.

ಆದರೆ ಪ್ರಣಯಿಗಳನ್ನೂ ಪ್ರೇತಗಳನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದವರಲ್ಲಿ ಡಿಸ್ನಿ ಸಂಸ್ಥೆಯವರು ಮೊದಲಿಗರಲ್ಲ. ಅದು ಇದೇ ರೈಲುಹಾದಿಯ ಆ ತುದಿಯಲ್ಲಿ, ಪ್ಯಾರಿಸ್ಸಿನಲ್ಲಿಯೇ, ಇನ್ನೂರು ವರ್ಷಗಳಿಗೂ ಹಿಂದೆ ನಡೆದುಹೋಗಿದೆ. 1793-94ರ ಕ್ರಾಂತಿಯ ದಿನಗಳಲ್ಲಿ ಗಿಲೊಟಿನ್ ಯಂತ್ರ ಆ ನಗರದಲ್ಲಿ ಎಷ್ಟೋ ಮನೆಗಳನ್ನು ಬರಿದುಮಾಡಿತ್ತು. ನಾಲ್ಕು ವರ್ಷ ಕಳೆದು, 1798ರಲ್ಲಿ, ಲಿಯೇಜ್ ನಗರದಿಂದ ಬಂದ ಏತಿಯೆನ್-ಗಾಸ್ಪಾರ್ ರೊಬೇರ್ ಎಂಬಾತ ರಾಬರ್ಟ್‌ಸನ್ ಎಂದು ಹೆಸರಿಟ್ಟುಕೊಂಡು ‘ಫ್ಯಾಂಟಸ್ಮಗೋರಿ’ ಎಂಬ ಪ್ರೇತದರ್ಶನವನ್ನು ಆರಂಭಿಸಿದ. ಚಿತ್ರದೀಪವೊಂದನ್ನು ಗಾಲಿಗಳ ಮೇಲಿಟ್ಟು ಪರದೆಯ ಹಿಂದೆ ಸರಿಸುತ್ತಿದ್ದ. ದೀಪ ಹಿಂದೆ ಸರಿದಂತೆ ಪರದೆಯ ಮೇಲಿನ ಆಕೃತಿ ಬೆಳೆಯುತ್ತ ಪ್ರೇಕ್ಷಕರ ಮೇಲೆಯೇ ಬರುವಂತೆ ತೋರುತ್ತಿತ್ತು. ಮಂತ್ರವಲ್ಲ, ಬೆಳಕಿನ ಶಾಸ್ತ್ರವೆಂದು ಅವನು ಮೊದಲೇ ಹೇಳಿಬಿಡುತ್ತಿದ್ದ.

ಅಂದಿನ ಶಾಸನಸಭೆಯ ಸದಸ್ಯರೊಬ್ಬರು ಈ ಪ್ರದರ್ಶನವನ್ನು ಕುರಿತು ಪತ್ರಿಕೆಯೊಂದರಲ್ಲಿ ಬರೆದ ವರದಿ ಉಳಿದಿದೆ. ಅದರಲ್ಲಿ ವ್ಯಂಗ್ಯವೂ ಬೆರೆತಿದೆ, ನಿಜ. ಆದರೆ ಒಂದು ಪ್ರಸಂಗ ಮನಸ್ಸಿನಲ್ಲಿ ನಿಲ್ಲುವಂಥದು. ತರುಣನೊಬ್ಬ ಎದ್ದು, ತಾನು ಪ್ರೀತಿಸಿದ್ದ ಹೆಣ್ಣನ್ನು ತೋರಿಸಬೇಕೆಂದು ಬೇಡುತ್ತಾನೆ. ಅವಳ ಚಿಕ್ಕ ಚಿತ್ರವೊಂದನ್ನು ರಾಬರ್ಟ್‌ಸನ್ನನಿಗೆ ತೋರಿಸುತ್ತಾನೆ. ಅವನು ಕೆಂಡದ ಮೇಲೆ ಗುಬ್ಬಿಯ ಗರಿಗಳನ್ನೂ ಒಂದಷ್ಟು ರಂಜಕವನ್ನೂ ಹತ್ತಾರು ಚಿಟ್ಟೆಗಳನ್ನೂ ಎಸೆಯುತ್ತಾನೆ. ಹೊಗೆಯಲ್ಲಿ ಕೂದಲು ಕೆದರಿದ ತರುಣಿಯೊಬ್ಬಳು ಮೂಡಿ, ಅವನನ್ನು ನೋಡಿ ನಗುತ್ತಾಳೆ. ಅದೇ ಸಭೆಯಲ್ಲಿ ಇನ್ನೊಬ್ಬ, ಶಿರಶ್ಛೇದಕ್ಕೆ ಗುರಿಯಾದ ಹದಿನಾರನೆಯ ಲೂಯಿ ದೊರೆಯನ್ನು ತೋರಿಸಲಾದೀತೆ ಎಂದು ಕೇಳಿದ. ಆ ವಿದ್ಯೆ ತನ್ನ ಬಳಿಯಿತ್ತು, ಈಗ ಕಳೆದುಹೋಗಿದೆ ಎಂದು ರಾಬರ್ಟ್‌ಸನ್ ನುಣುಚಿಕೊಂಡ. ಅಷ್ಟಾದರೂ ಅಧಿಕಾರಿಗಳು ಪ್ರದರ್ಶನವನ್ನು ಕೆಲಕಾಲ ನಿಲ್ಲಿಸಿಬಿಟ್ಟರು. ಮರುವರ್ಷ ಅವನು ವಾಂಡೋಮ್ ಚೌಕದ ಬಳಿ ಸನ್ಯಾಸಿನಿಯರು ತೊರೆದುಹೋಗಿದ್ದ ಕಪೂಚಿನ್ ಮಠಕ್ಕೆ ಸ್ಥಳ ಬದಲಾಯಿಸಿದ. ಇಂದಿನ ಭೂತಬಂಗಲೆಗಳ ಕತ್ತಲ ಹಾದಿ, ಹಾಳುಗೋಡೆ, ಎಲ್ಲಿಂದಲೋ ಕೇಳಿಬರುವ ದನಿ, ಎಲ್ಲವೂ ಅಲ್ಲಿದ್ದವು. ದೊರೆಯನ್ನು ಕೇಳಿದವನ ಉದ್ದೇಶ ಏನಿತ್ತೋ. ಆದರೆ ಆ ತರುಣ ಬಂದದ್ದು ಹೆದರುವುದಕ್ಕಲ್ಲ.

ನಮ್ಮ ಆಲಂಕಾರಿಕರಿಗೆ ಈ ಮನೆ ಒಪ್ಪಿಗೆಯಾಗುತ್ತಿರಲಿಲ್ಲ. ಶೃಂಗಾರಕ್ಕೆ ವಿರೋಧಿಗಳಾದ ರಸಗಳ ಪಟ್ಟಿಯಲ್ಲಿ ‘ಸಾಹಿತ್ಯದರ್ಪಣ’ಕಾರ ವಿಶ್ವನಾಥ ಭಯಾನಕವನ್ನೂ ಸೇರಿಸಿದ್ದಾನೆ. ಶಾಸ್ತ್ರಕಾರರ ಮಾತು ಹಾಗಿರಲಿ, ಕವಿಗಳು ಬೇರೆ ದಾರಿ ಹಿಡಿದದ್ದುಂಟು. ‘ಮೇಘದೂತ’ದ ಕೆಲವು ಪಾಠಗಳಲ್ಲಿ, ಗುಡುಗಿಗೆ ಬೆಚ್ಚಿದ ಪ್ರಿಯೆಯರು ತಾವಾಗಿಯೇ ಬಂದು ಅಪ್ಪಿಕೊಂಡುದಕ್ಕೆ ಸಿದ್ಧರು ಮೋಡವನ್ನು ಮನ್ನಿಸುವ ಪದ್ಯವೊಂದಿದೆ. ಇದನ್ನೇ ಪರೀಕ್ಷಿಸಲು 1974ರಲ್ಲಿ ಡಟ್ಟನ್ ಮತ್ತು ಆರನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದ ಕಪಿಲಾನೋ ಕಣಿವೆಯ ತೂಗುಸೇತುವೆಗೆ ಹೋದರು. ಸೇತುವೆ ದಾಟಿದ ಗಂಡಸರಿಗೆ ತರುಣಿಯೊಬ್ಬಳು ತನ್ನ ಟೆಲಿಫೋನ್ ಸಂಖ್ಯೆಯನ್ನು ಕೊಟ್ಟಳು. ಸಂಖ್ಯೆ ಪಡೆದ 18 ಮಂದಿಯಲ್ಲಿ 9 ಮಂದಿ ಆಮೇಲೆ ಫೋನ್ ಮಾಡಿದರು. ಗಟ್ಟಿಯಾದ ತಗ್ಗು ಸೇತುವೆಯನ್ನು ದಾಟಿದವರ ಪೈಕಿ ಸಂಖ್ಯೆ ಪಡೆದವರು 16, ಫೋನ್ ಮಾಡಿದವರು 2! ಎದೆ ಹೊಡೆದುಕೊಂಡದ್ದು ಕಣಿವೆಯ ಆಳಕ್ಕೋ ಹುಡುಗಿಯ ಕಣ್ಣಿಗೋ ಎಂಬುದನ್ನು ಎದೆ ವಿಂಗಡಿಸಲಾರದು ಎಂಬುದು ಆ ಪಂಡಿತರ ಅಭಿಪ್ರಾಯ. ಇಷ್ಟಕ್ಕೂ ಹಬ್ಬದ ಸಂತನೇ ತಲೆ ಕೊಟ್ಟವನೆಂದು ಐತಿಹ್ಯ. ಅವನದೆನ್ನುವ ತಲೆಬುರುಡೆಯನ್ನು ರೋಮ್ ನಗರದ ಸಾಂತಾ ಮಾರಿಯಾ ಇನ್ ಕಾಸ್ಮೆದಿನ್ ಚರ್ಚಿನಲ್ಲಿ ಹೂಮುಡಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಬಂಗಲೆಯೊಳಗೆ ಗಾಡಿಗಳು ಮುಂದಕ್ಕೆ ಸಾಗುತ್ತವೆ. ಅಸ್ಥಿಪಂಜರಗಳು, ಹಾಳುಬಿದ್ದ ಗಣಿಗಾರರ ಪೇಟೆ, ಪಿಸ್ತೂಲುಗಳ ಸದ್ದು. ಇವುಗಳಲ್ಲಿ ಗದ್ದಲ ಹೆಚ್ಚು, ಅರ್ಥ ಕಡಿಮೆ. ಕೊನೆಯಲ್ಲಿ ಕನ್ನಡಿಗಳ ಸಾಲು. ಗಾಡಿಯಲ್ಲಿ ಕುಳಿತ ಜೋಡಿ ತಮ್ಮನ್ನು ತಾವೇ ನೋಡುತ್ತಿರುವಾಗ, ಅವರ ತಲೆಯ ಮೇಲೆ ಮೆಲನಿ ತೇಲಿಬಂದು, ತನ್ನನ್ನು ವರಿಸುವಿರಾ ಎಂದು ಕೇಳುತ್ತಾಳೆ. ನಗುವವರು ನಗುತ್ತಾರೆ. ಹೊರಬಾಗಿಲಿನಾಚೆ ಕಟ್ಟುಕಥೆಯ ಸ್ಮಶಾನ, ಅದರಾಚೆ ದೀಪಗಳು.

ಅದೇ ರೈಲಿನಲ್ಲಿ ಹಿಂದಿರುಗಿ, ಮರುದಿನ ನಾಸಿಯೋಂ ನಿಲ್ದಾಣದಲ್ಲಿ ಎರಡನೆಯ ಮೆಟ್ರೋ ಮಾರ್ಗವನ್ನು ಹಿಡಿದರೆ ಪೇರ್ ಲಾಶೇಸ್ ಸ್ಮಶಾನ ದೂರವಿಲ್ಲ. 1837ರಲ್ಲಿ ತೀರಿಕೊಂಡ ರಾಬರ್ಟ್‌ಸನ್ ಅಲ್ಲಿದ್ದಾನೆ. ಸಮಾಧಿಯ ಮೂಲೆಗಳಲ್ಲಿ ರೆಕ್ಕೆ ಮೂಡಿದ ತಲೆಬುರುಡೆಗಳು. ಒಂದು ಬದಿಯಲ್ಲಿ ಅವನು ಏರಿದ ಬಲೂನು. ಇನ್ನೊಂದು ಬದಿಯಲ್ಲಿ ಅವನ ಪ್ರೇತಗಳು, ಅವುಗಳ ಮುಂದೆ ಬೆಚ್ಚಿ ಹಿಂಜರಿದ ಪ್ರೇಕ್ಷಕರ ಗುಂಪು. ಚಿತ್ರವನ್ನು ಕೈಯಲ್ಲಿ ಹಿಡಿದು ಬಂದಿದ್ದ ತರುಣನನ್ನು ಆ ಕಲ್ಲಿನ ಗುಂಪಿನಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಶಿಲ್ಪಿ ಹೆದರಿದವರನ್ನಷ್ಟೇ ಕೆತ್ತಿದ್ದಾನೆ.