ಬಾತೂರ್ ಬೆಟ್ಟದ ಮೇಲೆ ಅಕ್ಕ

ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಅಕ್ಕ ಮುಂಬೈಯ ಕಚೇರಿಯಿಂದ ನಿವೃತ್ತಳಾದಳು. 38 ವರ್ಷಗಳ ಸೇವೆ. ತಂದೆಯವರು ಸೇವೆಯಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಅನುಕಂಪದ ಆಧಾರದ ಮೇಲೆ ದೊರೆತ ನೌಕರಿ ಅದು. ಆಗ ಅವಳಿಗೆ 22. ತಮ್ಮ-ತಂಗಿಯರಾದ ನಮಗೆ ಎಂಟು ಮತ್ತು ಐದು. ನಮ್ಮಲ್ಲೊಬ್ಬರ ಇಂಗ್ಲಿಷ್ ಎಂ.ಎ., ಇನ್ನೊಬ್ಬರ ಮದುವೆ, ತಾಯಿಯವರ ಕೊನೆಗಾಲದ ಔಷಧೋಪಚಾರ, ಎಲ್ಲವೂ ಅವಳ ಸಂಬಳದಲ್ಲೇ ನಡೆದವು. ಅವಳ ಮದುವೆಯ ಮಾತು ಮಾತ್ರ ಮನೆಯಲ್ಲಿ ಯಾವಾಗ ನಿಂತುಹೋಯಿತೆಂಬುದು ನಮಗೆ ನೆನಪಿಲ್ಲ.

ನಿವೃತ್ತಿಯ ನೆನಪಿಗೆ ಎಲ್ಲಿಗಾದರೂ ಕರೆದೊಯ್ಯೋಣವೆಂದಾಗ ಕಾಶಿ ಎನ್ನುವಳೆಂದು ಎಣಿಸಿದ್ದೆವು. ‘ಜ್ವಾಲಾಮುಖಿ ನೋಡಬೇಕಪಾ’ ಎಂದಳು. ಐದನೇ ಇಯತ್ತೆಯ ಭೂಗೋಳದಲ್ಲಿ ಚಿತ್ರ ಕಂಡಿದ್ದಳಂತೆ. ಸರಕಾರಿ ಪ್ರವಾಸ ರಿಯಾಯಿತಿ ವಿದೇಶಕ್ಕೆ ಅನ್ವಯಿಸದು. ಇಲಾಖೆಯ ಅನುಮತಿ ಪಡೆದು, ಸ್ವಂತ ಖರ್ಚಿನಲ್ಲಿ ಬಾಲಿ ದ್ವೀಪಕ್ಕೆ ಹೊರಟೆವು.

ಉಬುದ್ ಪಟ್ಟಣವನ್ನು ರಾತ್ರಿ ಎರಡಕ್ಕೆ ಬಿಟ್ಟು, ನಾಲ್ಕರ ಹೊತ್ತಿಗೆ ತೋಯಾ ಬುಂಕಾಹ್ ಗ್ರಾಮದಿಂದ ಏರತೊಡಗಿದೆವು. ಬಾತೂರ್ ಶಿಖರದ ಎತ್ತರ 1,717 ಮೀಟರ್. ಕೈಯಲ್ಲಿ ಟಾರ್ಚು, ಕಾಲಡಿಯಲ್ಲಿ ಜಾರುವ ಕಪ್ಪು ಜಲ್ಲಿ. ನಮಗೆ ಅಕ್ಕನ ಮೊಣಕಾಲಿನದೇ ಚಿಂತೆ. ಆದರೆ ದಾರಿಯಲ್ಲಿ ಮೂರು ಸಲ ಕುಳಿತವರು ನಾವು. ಲೋಕಲ್ ರೈಲಿನ ಸೇತುವೆಗಳನ್ನು ದಿನವೂ ಹತ್ತಿಳಿದ ಅವಳು ನಿಂತೇ ನಮಗಾಗಿ ಕಾದಳು.

ಬೆಳಗಾದಾಗ ನಾವು ಕುಳಿಯ ಅಂಚಿನಲ್ಲಿದ್ದೆವು. ಕೆಳಗೆ ಸರೋವರ, ಆಗ್ನೇಯಕ್ಕೆ ಅಗುಂಗ್ ಪರ್ವತ. ಪಕ್ಕದ ಬಂಡೆಗಳ ಬಿರುಕಿನಿಂದ ಬಿಸಿ ಹಬೆ. ಮಾರ್ಗದರ್ಶಿ ಆ ಹಬೆಯಲ್ಲೇ ಬೇಯಿಸಿದ ಬಾಳೆಹಣ್ಣನ್ನು ಅಕ್ಕನ ಕೈಗಿತ್ತು ಊರಿನ ಕಥೆ ಹೇಳಿದ. 1926ರ ಸ್ಫೋಟದಲ್ಲಿ ಬುಡದಲ್ಲಿದ್ದ ಬಾತೂರ್ ಗ್ರಾಮ ಲಾವಾದಡಿ ಹೂತುಹೋಯಿತು. ಜನರು ಎದುರಿನ ಎತ್ತರದ ದಂಡೆಗೆ ಏರಿ, ಉಲುನ್ ದನು ದೇಗುಲವನ್ನು ಅಲ್ಲಿ ಮತ್ತೆ ಕಟ್ಟಿಕೊಂಡರು.

ಅಕ್ಕ ಆ ದಂಡೆಯನ್ನು ಬಹಳ ಹೊತ್ತು ನೋಡಿದಳು. ಬಳಿಕ, ‘ನಾ ನಿಮ್ಮ ಯಾರ ಮನೀಗೂ ಬರಂಗಿಲ್ಲ. ಧಾರವಾಡದಾಗ ಎರಡು ಖೋಲಿ ಬಾಡಿಗಿ ಹಿಡದೀನಿ’ ಎಂದಳು.

ನಾವು ಮುಖ ಮುಖ ನೋಡಿಕೊಂಡೆವು. ಒಬ್ಬರ ಮನೆಯಲ್ಲಿ ಹತ್ತನೆಯ ತರಗತಿಯ ಮಗ, ಇನ್ನೊಬ್ಬರ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಅಕ್ಕ ಮೊದಲು ಯಾರ ಮನೆಗೆ ಬರಬೇಕೆಂದು ಆರು ತಿಂಗಳಿಂದ ಫೋನಿನಲ್ಲಿ ಜಗ್ಗಾಡಿದ್ದೆವು. ಅವಳನ್ನು ಯಾರು ನೋಡಿಕೊಳ್ಳಬೇಕು ಎಂಬ ಆ ಮಾತುಕತೆ, ನಿಜದಲ್ಲಿ ಅವಳು ಯಾರನ್ನು ನೋಡಿಕೊಳ್ಳಬೇಕು ಎಂಬುದೇ ಆಗಿತ್ತು. ಅವಳಿಗೆ ಅದು ತಿಳಿದಿತ್ತೆಂದು ನಮಗೆ ಅಲ್ಲಿ ತಿಳಿಯಿತು. ಈ ಪ್ರವಾಸದಿಂದ ಋಣ ತೀರಿತೆಂಬ ಹಮ್ಮೂ ಅಲ್ಲಿಯೇ ಇಳಿಯಿತು.

ಇಳಿಯುವಾಗ ಮಾತ್ರ ಮೊಣಕಾಲು ನೊಂದು ಅಕ್ಕ ನಮ್ಮಿಬ್ಬರ ಹೆಗಲು ಹಿಡಿದಳು. ಧಾರವಾಡಕ್ಕೆ ಬಂದರೆ ನಮ್ಮನ್ನು ಇರಿಸಿಕೊಳ್ಳುವೆಯಾ ಎಂದು ಕೇಳಿದೆವು.

‘ಬರ್ರಿ’ ಎಂದಳು. ‘ಆದ್ರ ಮೊದಲ ಫೋನ್ ಮಾಡ್ರಿ.’