ಕತ್ತಲೆಗೆ ಕೊಟ್ಟ ಅಂಕಗಳು

ಕತ್ತಲೆಗೆ ಅಂಜಬಾರದೆಂದು ಮಕ್ಕಳಿಗೆ ನಿತ್ಯವೂ ಬೋಧಿಸುವ ನಾನು, ಮರಿಕಲ್ಲಿನ ನಮ್ಮ ಮನೆಯಲ್ಲಿ ವಿದ್ಯುದ್ದೀಪ ಆರಿದ ಇರುಳು ಹಿತ್ತಲ ಬಾಗಿಲ ಅಗುಳಿಯನ್ನು ಎರಡು ಬಾರಿ ಮುಟ್ಟಿ ನೋಡುವವನು. ಆದುದರಿಂದ ಫ್ರಾನ್ಸ್ ದೇಶದ ‘ಪೆರ್ ದ್ಯು ನ್ವಾರ್’ ಎಂಬ ಚಿತ್ರವನ್ನು ಹಾಡುಹಗಲಿನಲ್ಲಿಯೇ ನೋಡಿದೆನೆಂದರೆ ವಾಚಕರು ನಗಬಾರದು. ‘ಕತ್ತಲೆಯ ಭಯ’ ಎಂಬುದು ಆ ಹೆಸರಿನ ಅರ್ಥ. ಫ್ರೆಂಚ್ ಭಾಷೆಯಲ್ಲಿ ಕಪ್ಪಿಗೂ ಕತ್ತಲೆಗೂ ಒಂದೇ ಶಬ್ದವಂತೆ. ಬಣ್ಣವನ್ನು ತೊರೆದ ಚಿತ್ರಕ್ಕೆ ಇದಕ್ಕಿಂತ ತಕ್ಕ ಹೆಸರು ದೊರೆಯದು.

2007ರಲ್ಲಿ ಸಿದ್ಧವಾದ ಈ ಚಿತ್ರದಲ್ಲಿ ನಟರು ಕಾಣಿಸಿಕೊಳ್ಳುವುದಿಲ್ಲ. ಆರು ಮಂದಿ ಚಿತ್ರಕಾರರ ಗೆರೆಗಳೇ ಚಲಿಸುತ್ತವೆ. ಬ್ಲುಚ್ ಎಂಬಾತನ ಕ್ರೂರ ಸಿರಿವಂತನೊಬ್ಬನು ಬೇಟೆನಾಯಿಗಳನ್ನು ಹಿಡಿದು ನಡೆಯುತ್ತಾನೆ. ಚಾರ್ಲ್ಸ್ ಬರ್ನ್ಸ್ ಹೇಳುವ ಕಥೆಯಲ್ಲಿ ಬಾಲ್ಯದಲ್ಲಿ ಹಿಡಿದ ಹುಳುವೊಂದು ಯೌವನವನ್ನು ಕಾಡುತ್ತದೆ. ಮರೀ ಕಾಯೂ ಜಪಾನಿನ ಬಾಲಿಕೆಯೊಬ್ಬಳ ದುಃಸ್ವಪ್ನವನ್ನು ಬರೆದರೆ, ಇಟಲಿಯ ಲೊರೆಂಜೊ ಮಟ್ಟೊಟ್ಟಿ ಜವುಗು ನೆಲದ ಹಳ್ಳಿಯೊಂದರಲ್ಲಿ ಕಾಣದ ಮೃಗವನ್ನು ಬಿಟ್ಟಿದ್ದಾನೆ. ಪಿಯೆರ್ ದಿ ಶ್ಯುಲ್ಲೊ ಬರೆದ ರೇಖಾಕೃತಿಗಳು ನಡುನಡುವೆ ಬಂದು ಹೋಗುತ್ತಿರಲು, ಹೆಂಗಸಿನ ಧ್ವನಿಯೊಂದು ತನ್ನ ಅಂಜಿಕೆಗಳನ್ನು ಎಣಿಸುತ್ತದೆ. ಕೊನೆಯದು ರಿಚರ್ಡ್ ಮೆಗ್ವಾಯರ್‌ನ ಕಥೆ: ಹಿಮಗಾಳಿಗೆ ಸಿಕ್ಕ ಒಬ್ಬನು ಪಾಳುಮನೆಯೊಂದನ್ನು ಹೊಗುತ್ತಾನೆ. ಅಲ್ಲಿ ಮಾತಿಲ್ಲ, ಬೆಳಕು ತಾಗಿದಷ್ಟೇ ಕಾಣುತ್ತದೆ, ಉಳಿದುದೆಲ್ಲವೂ ಕಪ್ಪು.

2008ರಲ್ಲಿ ಚಿತ್ರವು ಫ್ರಾನ್ಸಿನಲ್ಲಿಯೂ ಅಮೆರಿಕದಲ್ಲಿಯೂ ತೆರೆ ಕಂಡಾಗ ವಿಮರ್ಶಕರು ಗೆರೆಗಳನ್ನು ಮನಸಾರೆ ಹೊಗಳಿದರು. ಕಥೆಗಳು ಸಮತೂಕದವಲ್ಲವೆಂದು ಹಲವರು ಆಕ್ಷೇಪಿಸಿದರು. ನಡುವೆ ಬರುವ ಆ ಧ್ವನಿಯು ಕೆಲವರಿಗೆ ಬೇಸರ ತಂದಿತು. ಮೆಗ್ವಾಯರ್‌ನ ಪಾಳುಮನೆ ಬಹುಜನರ ಮೆಚ್ಚುಗೆ ಪಡೆಯಿತು. ಈ ತೀರ್ಪು ತಪ್ಪೆಂದು ನಾನು ಹೇಳಲಾರೆ. ಹುಳುವಿನ ಕಥೆಗೆ ಕೊನೆಯುಂಟು, ಮೃಗದ ಕಥೆಗೆ ಅದಿಲ್ಲ. ಆದರೆ ಭಯಕ್ಕೆ ಸಮತೂಕವೆಂಬುದುಂಟೆ? ನಮ್ಮ ತೊಗಲುಗೊಂಬೆಯಾಟದಲ್ಲಿ ತೆರೆಯ ಹಿಂದಣ ದೀಪವು ತೊಗಲಿನ ಬಣ್ಣವನ್ನು ಬೆಳಗಿಸಿ ರಾಕ್ಷಸನನ್ನು ತೋರಿಸಿಬಿಡುತ್ತದೆ. ಕಂಡ ರಾಕ್ಷಸನಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮೆಗ್ವಾಯರ್‌ನ ಮನೆಯಲ್ಲಿ ದೀಪ ತೋರಿಸದೆ ಬಿಟ್ಟುದೇ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಆ ವಿಮರ್ಶೆಗಳನ್ನು ಓದುತ್ತಿದ್ದಾಗ ನನಗೆ ನನ್ನ ಕೆಂಪು ಲೇಖಣಿಯ ನೆನಪಾಯಿತು. ಹಿಂದೊಮ್ಮೆ ‘ಮಳೆಗಾಲದ ಒಂದು ರಾತ್ರಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದ್ದೆ. ಹುಡುಗನೊಬ್ಬನ ಬರಹಕ್ಕೆ ತಲೆಬುಡವಿರಲಿಲ್ಲ, ಕಾಗುಣಿತವಂತೂ ಕೇಳಬೇಡಿ. ನಡುವೆ ಒಂದು ವಾಕ್ಯವಿತ್ತು: ದೀಪ ಆರಿತು, ಕೊಟ್ಟಿಗೆಯಲ್ಲಿ ಎತ್ತಿನ ಕೊರಳ ಗಂಟೆಯೂ ನಿಂತಿತು. ಅದನ್ನು ಓದಿದಾಗ ನನ್ನ ಮೈ ಜುಮ್ಮೆಂದುದು ನಿಜ. ಆದರೂ ‘ಹೊಂದಿಕೆಯಿಲ್ಲ’ ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಆ ವಾಕ್ಯದ ಕೆಳಗೆ ಒಂದು ಗೆರೆಯನ್ನೂ ಎಳೆಯಲಿಲ್ಲ.

ಹುಡುಗನು ಜಾಣ, ಬೇಗನೆ ತಿದ್ದಿಕೊಂಡನು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳಿಂದ ಕೂಡಿದ, ದೋಷವೂ ಇಲ್ಲದ ಜೀವವೂ ಇಲ್ಲದ ಪ್ರಬಂಧಗಳನ್ನು ಬರೆದು ಎಂಟು ಅಂಕ ಪಡೆಯತೊಡಗಿದನು. ಅಂತಹ ಗಂಟೆಯ ಸದ್ದು ಮತ್ತೆ ಅವನ ಪುಟಗಳಲ್ಲಿ ಕೇಳಲಿಲ್ಲ. ವಿದೇಶದ ವಿಮರ್ಶಕರು ಕುಂದನ್ನು ಹೇಳಿದರೂ ಪಾಳುಮನೆಯನ್ನು ಬೆರಳಿಟ್ಟು ತೋರಿಸಿದರು. ನಾನು ಅಷ್ಟನ್ನೂ ಮಾಡಲಿಲ್ಲ.

ಈಗ ಪ್ರಬಂಧಗಳನ್ನು ತಿದ್ದುವಾಗ ಮೊದಲು ನನ್ನನ್ನು ನಿಲ್ಲಿಸಿದ ವಾಕ್ಯದ ಕೆಳಗೆ ಗೆರೆ ಎಳೆಯುತ್ತೇನೆ; ಅಂಕ ಹಾಕುವುದು ಆಮೇಲೆ. ಇದರಿಂದ ತಿದ್ದುವ ಕೆಲಸ ನಿಧಾನವಾಗಿದೆ. ಆದರೆ ಅಂಜಿಕೆಯನ್ನು ಅಂಜದೆ ಬರೆಯುವ ಮಕ್ಕಳು ಒಬ್ಬಿಬ್ಬರು ತರಗತಿಯಲ್ಲಿ ಉಳಿದುಕೊಂಡಿದ್ದಾರೆ.