ಬೆಣ್ಣೆಯೂ ಸುಣ್ಣವೂ

ನಮ್ಮ ಅಜ್ಜಿಯು ಎಲೆಯಡಿಕೆಯ ಸುಣ್ಣವನ್ನು ಎಂದೂ ಅಡಿಗೆಮನೆಯೊಳಕ್ಕೆ ಬರಗೊಡುತ್ತಿರಲಿಲ್ಲ. “ಬೆಣ್ಣೆಯೂ ಬೆಳ್ಳಗೆ, ಸುಣ್ಣವೂ ಬೆಳ್ಳಗೆ, ಅವಸರದ ಕೈಗೆ ಕಣ್ಣಿಲ್ಲ” ಎನ್ನುತ್ತಿದ್ದಳು.

ಕಳೆದ ವರ್ಷ ನನಗೊಂದು ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಸೊಂಟದ ಕೆಳಗೆ ಅರಿವಳಿಸಲು ವೈದ್ಯರು ನನ್ನನ್ನು ಬಾಗಿಸಿ ಕುಳ್ಳಿರಿಸಿ, ಬೆನ್ನಿಗೆ ತಣ್ಣನೆಯ ದ್ರವವನ್ನು ಸವರಿ, ಅದರ ಸೀಸೆಯನ್ನು ಸೂಜಿಗಳ ತಟ್ಟೆಯಿಂದ ದೂರಕ್ಕೆ ಸಾಗಿಸಿ, ಸುಮ್ಮನೆ ನಿಂತರು. “ಏಕೆ ತಡ?” ಎಂದೆನು. “ಒಣಗಲಿ” ಎಂದರು.

ಕಾರಣವನ್ನು ಅನಂತರ ತಿಳಿದೆನು. ಅದು ಮದ್ಯಸಾರದಲ್ಲಿ ಬೆರೆಸಿದ ಕ್ಲೋರ್‌ಹೆಕ್ಸಿಡೀನ್. ಚರ್ಮದ ಮೇಲೆ ರೋಗಾಣುಗಳನ್ನು ಕೊಂದು ನಮ್ಮನ್ನು ಕಾಯುವ ಆ ಮದ್ದೇ ಬೆನ್ನುಹುರಿಯ ಬಳಿ ಸೇರಿದರೆ ನರಗಳನ್ನು ಕೊಲ್ಲುತ್ತದೆ. 2010ರಲ್ಲಿ ಸಿಡ್ನಿ ನಗರದಲ್ಲಿ, ಹೆರಿಗೆಯ ನೋವಿನಲ್ಲಿದ್ದ ಒಬ್ಬ ತಾಯಿಯ ಬೆನ್ನೊಳಕ್ಕೆ ಉಪ್ಪುನೀರಿಗೆ ಬದಲಾಗಿ ಇದೇ ಹೋಯಿತು. ಎರಡೂ ಬಟ್ಟಲುಗಳು ಒಂದೆಡೆಯಲ್ಲಿದ್ದುವು. ಮಗು ಕ್ಷೇಮವಾಗಿ ಹುಟ್ಟಿತು; ತಾಯಿಗೆ ಕಾಲುಗಳ ಸ್ವಾಧೀನ ತಪ್ಪಿತು.

ಎಚ್ಚರವಾಗಿರೆಂಬ ಉಪದೇಶವೊಂದೇ ಇಲ್ಲಿ ಸಾಲದು. ಬಳಲಿದವನ ಕೈಯೂ ತಪ್ಪದಂತೆ ವಸ್ತುಗಳನ್ನಿರಿಸಬೇಕು. 2014ರಲ್ಲಿ ಬ್ರಿಟನ್ನಿನ ಅರಿವಳಿಕೆಯ ವೈದ್ಯರ ಸಂಘವು ಹೇಳಿದುದೂ ಇದನ್ನೇ: ಶೇಕಡಾ 2ರ ದ್ರವಕ್ಕಿಂತ 0.5ರದು ಮೇಲು, ಅದು ಸೂಜಿ ಔಷಧಗಳಿಂದ ದೂರವಿರಲಿ, ಕೈಚೀಲಕ್ಕೆ ಸಿಡಿದಿದೆಯೇ ನೋಡಿರಿ, ಪೂರ್ಣವಾಗಿ ಒಣಗದೆ ಬೆನ್ನನ್ನು ಮುಟ್ಟದಿರಿ.

ನಾನು ತಡವೆಂದು ಬೇಸರಪಟ್ಟುದು ಆ ಕೆಲವು ನಿಮಿಷಗಳಿಗಾಗಿ! ಮನೆಯ ಮೆಟ್ಟಿಲುಗಳನ್ನು ನನ್ನ ಕಾಲುಗಳಿಂದಲೇ ಏರಿ ಬಂದೆನು. ಅಜ್ಜಿಯ ಸುಣ್ಣದ ಡಬ್ಬಿಯು ಇಂದಿಗೂ ಜಗಲಿಯ ಗೂಡಿನಲ್ಲಿಯೇ ಇದೆ.